ಫೋನಿನೊಳಗಿನ ಅಕ್ಕ ಹೇಳಿದ ಮುಖದ ಕಿಟ್

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರ ನನ್ನ ಮಗಳು ಆನ್‌ಲೈನ್‌ನಲ್ಲಿ ಒಂದು ಮುಖದ ಕಿಟ್ ತರಿಸಿಕೊಂಡಳು. ಬೆಳಗ್ಗೆ ಹಚ್ಚಲು ವಿಟಮಿನ್ ಸಿ ಸೀರಮ್, ರಾತ್ರಿ ಹಚ್ಚಲು ರೆಟಿನಾಲ್ ಸೀರಮ್, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್. ಮೂರು ವಸ್ತು, ಒಂದು ಗುಲಾಬಿ ಡಬ್ಬಿ. ಆ ಕಿಟ್‌ನ ವಿಮರ್ಶೆ ಇದು. ಹದಿನೇಳು ವರ್ಷದ ಹುಡುಗಿಯ ಕೈಗೆ ಅದು ಬಂದು ಸೇರಿದ ದಾರಿಯ ವಿಮರ್ಶೆಯೂ ಹೌದು. ಕೊಟ್ಟ ಹಣದಲ್ಲಿ ಆ ದಾರಿಯ ಖರ್ಚೂ ಸೇರಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಬಗೆಯ ಡಬ್ಬಿ, ಇದೇ ಬಗೆಯ ಮಾತು, ಇದೇ ಬಗೆಯ ರಿಯಾಯಿತಿಯ ಕಂಪನಿಗಳು ಹತ್ತಾರಿವೆ. ಒಂದರ ಹೆಸರು ಹೇಳಿದರೆ ಉಳಿದವಕ್ಕೆಲ್ಲ ಒಳ್ಳೆಯವೆಂದು ಮುದ್ರೆ ಒತ್ತಿಕೊಟ್ಟಂತಾಗುತ್ತದೆ.

ಕುಮಟಾದಲ್ಲಿ ನನ್ನದೊಂದು ಔಷಧ ಅಂಗಡಿ. ಡಿ.ಫಾರ್ಮಾ ಓದಿ 2003ರಲ್ಲಿ ಕೌಂಟರ್‌ನ ಹಿಂದೆ ನಿಂತವಳು ಇಂದಿಗೂ ಅಲ್ಲೇ ನಿಂತಿದ್ದೇನೆ. ಲೇಬಲ್ ಓದುವುದು ನನ್ನ ಕಸುಬು. ಇದರ ಜೊತೆಗೆ ಕೆಲವು ವರ್ಷಗಳಿಂದ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಮೂರೂರು, ಕಲ್ಲಬ್ಬೆ, ಸಂತೆಗುಳಿ ಕಡೆಯ ಒಳಹಳ್ಳಿಗಳ ಹುಡುಗಿಯರು ಕಾಲೇಜಿಗೆ ಬರುವಾಗ ಹೋಗುವಾಗ ಎತ್ತಿಕೊಳ್ಳಲು ಅನುಕೂಲವೆಂದು ಪಾರ್ಸೆಲ್‌ಗಳಿಗೆ ನನ್ನ ಅಂಗಡಿಯ ವಿಳಾಸ ಕೊಡುತ್ತಾರೆ. ಕೊರಿಯರ್ ಹುಡುಗ ತಂದು ಕೌಂಟರ್‌ನ ಪಕ್ಕದ ಸ್ಟೂಲಿನ ಮೇಲೆ ಪೇರಿಸಿ ಹೋಗುತ್ತಾನೆ. ಸಂಜೆ ನಾಲ್ಕೂವರೆಯ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬಂದು "ಅಕ್ಕಾ, ನನ್ನದು ಬಂದಿದೆಯಾ?" ಎಂದು ಕೇಳುತ್ತಾರೆ. ಮೊದಲು ಚೂಡಿದಾರ, ಚಪ್ಪಲಿ, ಮೊಬೈಲ್ ಕವರ್ ಬರುತ್ತಿದ್ದವು. ಈಗ ಆ ಸ್ಟೂಲಿನ ಮೇಲೆ ಹೆಚ್ಚಾಗಿ ಕಾಣುವುದು ಅಲುಗಿಸಿದರೆ ಒಳಗೆ ಗಾಜಿನ ಸದ್ದು ಬರುವ ಚಿಕ್ಕ ಪೆಟ್ಟಿಗೆಗಳು.

ಈ ಬದಲಾವಣೆಯನ್ನು ನಾನು ಓದಿ ತಿಳಿದವಳಲ್ಲ, ನೋಡಿ ತಿಳಿದವಳು. ನಾನು ಅಂಗಡಿ ಶುರು ಮಾಡಿದಾಗ ಹೊಸ ಕ್ರೀಮ್ ಬಂದಿದೆಯೆಂದು ಮೊದಲು ತಿಳಿಯುತ್ತಿದ್ದದ್ದು ನನಗೆ. ಕಂಪನಿಯ ಸೇಲ್ಸ್‌ಮನ್ ಹುಬ್ಬಳ್ಳಿಯಿಂದ ಬಂದು ಪೋಸ್ಟರ್ ಅಂಟಿಸಿ, ಹತ್ತು ಕೊಂಡರೆ ಒಂದು ಉಚಿತ ಎಂದು ಆಸೆ ತೋರಿಸಿ, ಸ್ಯಾಶೆಗಳ ಸರವನ್ನು ಬಾಗಿಲಿಗೆ ತೂಗುಹಾಕಿ ಹೋಗುತ್ತಿದ್ದ. ಗಿರಾಕಿಗೆ ಅದರ ಸುದ್ದಿ ಸಂಜೆಯ ಧಾರಾವಾಹಿಯ ನಡುವೆ ತಲುಪುತ್ತಿತ್ತು. ಮನೆಯವರೆಲ್ಲ ಒಟ್ಟಿಗೆ ಕೂತು ನೋಡುತ್ತಿದ್ದ ಟಿವಿ ಅದು; ಜಾಹೀರಾತು ಬಂದಾಗ "ಅದೆಲ್ಲ ಸುಳ್ಳು" ಎನ್ನುವ ಅಜ್ಜಿಯೊಬ್ಬಳು ಪಕ್ಕದಲ್ಲೇ ಇರುತ್ತಿದ್ದಳು. ಅದನ್ನು ದಾಟಿ ಬಂದರೂ ಹುಡುಗಿ ಕೊನೆಗೆ ನನ್ನ ಮುಂದೆ ನಿಂತು ಕೇಳಬೇಕಿತ್ತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಇಂಟರ್ನೆಟ್ ಅಗ್ಗವಾಯಿತು. ಆದರೆ ನನ್ನ ಕೌಂಟರ್‌ನಲ್ಲಿ ನಿಜವಾದ ತಿರುವು ಕಂಡದ್ದು 2020ರಲ್ಲಿ. ಲಾಕ್‌ಡೌನ್‌ನಲ್ಲಿ ಪಾಠ ಮೊಬೈಲ್‌ಗೆ ಬಂತು. ಏಳನೆಯ ತರಗತಿಯ ಮಕ್ಕಳ ಕೈಗೂ ಫೋನ್ ಕೊಡಬೇಕಾಯಿತು. ಆ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ತಂದಿತು. ಅದೇ ಜುಲೈನಲ್ಲಿ ಫೇರ್ ಆ್ಯಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಆ್ಯಂಡ್ ಲವ್ಲಿ ಎಂದು ಬದಲಿಸಿಕೊಂಡಿತು. ಲಾಕ್‌ಡೌನ್ ತೆರವಾಗಿ ಹುಡುಗಿಯರು ಮತ್ತೆ ಅಂಗಡಿಗೆ ಬಂದಾಗ ಅವರ ಮಾತೇ ಬೇರೆಯಾಗಿತ್ತು. ಬಿಳಿ ಆಗುವ ಕ್ರೀಮ್ ಕೇಳುತ್ತಿದ್ದವರು "ಅಕ್ಕಾ, ನಿಯಾಸಿನಮೈಡ್ ಹತ್ತು ಪರ್ಸೆಂಟ್ ಇದೆಯಾ? ಸ್ಯಾಲಿಸಿಲಿಕ್ ಎರಡು ಪರ್ಸೆಂಟ್ ಇದೆಯಾ?" ಎಂದು ಕೇಳತೊಡಗಿದರು. ನಾನು ಫಾರ್ಮಸಿ ಕಾಲೇಜಿನಲ್ಲಿ ಉರುಹೊಡೆದ ಹೆಸರುಗಳು ಹತ್ತನೆಯ ತರಗತಿಯ ಮಕ್ಕಳ ಬಾಯಲ್ಲಿ! ಮೊದಲು ಸಂತೋಷವೇ ಆಯಿತು. ಆಮೇಲೆ ಗಮನಿಸಿದೆ: ಹೆಸರು ಗೊತ್ತು, ಶೇಕಡಾವಾರು ಗೊತ್ತು, ಆದರೆ ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಗೊತ್ತಿಲ್ಲ.

ಈಗ ಕಿಟ್‌ಗೆ ಬರುತ್ತೇನೆ.

ಮೇ ತಿಂಗಳಲ್ಲಿ ಶಿರಸಿಯಲ್ಲಿ ನನ್ನ ಅಣ್ಣನ ಮಗನ ಮದುವೆಯಿತ್ತು. ಮುಖ ಚೆನ್ನಾಗಿ ಕಾಣಬೇಕೆಂಬ ಆಸೆ ಮಗಳಿಗೆ; ತಪ್ಪೇನಿಲ್ಲ. ಗಲ್ಲದ ಮೇಲೆ ನಾಲ್ಕು ಮೊಡವೆ, ಪರೀಕ್ಷೆಯ ನಿದ್ದೆಗೇಡಿನಿಂದ ಕಣ್ಣ ಕೆಳಗೆ ಸ್ವಲ್ಪ ಕಪ್ಪು. ಅವಳು ನೋಡಿದ ರೀಲ್‌ನ್ನು ಆಮೇಲೆ ನಾನೂ ಏಳೆಂಟು ಬಾರಿ ನೋಡಿದೆ. ನಲವತ್ತು ಸೆಕೆಂಡಿನದು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಬಚ್ಚಲುಮನೆಯ ಕನ್ನಡಿಯ ಮುಂದೆ, ತಲೆಗೆ ಟವೆಲ್ ಸುತ್ತಿಕೊಂಡು, ಬಹಳ ಆಪ್ತವಾದ ಕನ್ನಡದಲ್ಲಿ ಮಾತನಾಡುತ್ತಾಳೆ. "ನಿಮ್ಮ ಸ್ವಂತ ಅಕ್ಕ ಹೇಳುತ್ತಿದ್ದಾಳೆ ಅಂದುಕೊಳ್ಳಿ" ಎನ್ನುತ್ತಾಳೆ. ರಾತ್ರಿಯ ಸೀರಮ್ ತೋರಿಸಿ "ದಿನಾ ರಾತ್ರಿ ಹಚ್ಚಿ, ಹತ್ತು ದಿನದಲ್ಲಿ ಗ್ಲೋ" ಎನ್ನುತ್ತಾಳೆ. ಕೊನೆಗೆ, ಕಮೆಂಟ್‌ನಲ್ಲಿ "ಗ್ಲೋ" ಎಂದು ಬರೆದರೆ ಲಿಂಕ್ ಕಳುಹಿಸುತ್ತೇನೆ ಎಂಬ ಮಾತು.

ಮಗಳು "ಗ್ಲೋ" ಎಂದು ಬರೆದಳು. ಮರುಕ್ಷಣವೇ ಇನ್‌ಬಾಕ್ಸ್‌ಗೆ ಉತ್ತರ ಬಂತು, ಅವಳ ಹೆಸರು ಹಿಡಿದು ಕರೆದು, ಹೃದಯದ ಚಿಹ್ನೆ ಹಾಕಿ. ಆ ಅಕ್ಕ ತನಗೇ ಉತ್ತರಿಸಿದಳೆಂದು ಅವಳು ಹಿಗ್ಗಿದ್ದಳು. ಉತ್ತರಿಸಿದ್ದು ಯಂತ್ರ. ಕಮೆಂಟ್‌ನಲ್ಲಿ ಆ ಪದ ಕಂಡರೆ ತಾನಾಗಿ ಸಂದೇಶ ಕಳುಹಿಸುವ ವ್ಯವಸ್ಥೆ ಅದು. ಸಾವಿರಾರು ಮಂದಿ ಕಮೆಂಟ್ ಬರೆದಷ್ಟೂ ರೀಲ್ ಜನಪ್ರಿಯವೆಂದು ಆ್ಯಪ್ ಎಣಿಸಿ ಇನ್ನಷ್ಟು ಜನರ ಮುಂದೆ ಇಡುತ್ತದೆ. ಲಿಂಕ್‌ನ ಜೊತೆ ಆ ಹುಡುಗಿಯ ಹೆಸರಿನದೇ ಕೂಪನ್ ಕೋಡ್ ಇತ್ತು, ಶೇಕಡಾ 15 ರಿಯಾಯಿತಿ. ಕೋಡ್ ಬಳಕೆಯಾದಷ್ಟೂ ಯಾರ ಮಾತಿನಿಂದ ಎಷ್ಟು ಮಾಲು ಹೋಯಿತೆಂಬ ಲೆಕ್ಕ ಕಂಪನಿಗೆ ಸಿಗುತ್ತದೆ. ಇಂಥ ಕೋಡ್‌ಗಳಲ್ಲಿ ಮಾತನಾಡಿದವರಿಗೆ ಪಾಲು ಇರುವುದು ಈ ವ್ಯಾಪಾರದ ರೂಢಿ.

ಪಾಲು ಇರುವುದು ತಪ್ಪಲ್ಲ. ನನಗೂ ಪ್ರತಿ ಡಬ್ಬಿಯ ಮೇಲೆ ಲಾಭವಿದೆ. ಆದರೆ ನಾನು ಅಂಗಡಿಯವಳೆಂದು ನನ್ನ ಮುಂದೆ ನಿಂತವರಿಗೆ ಗೊತ್ತಿರುತ್ತದೆ. ಆ ರೀಲ್‌ನಲ್ಲಿ ಅದು ಜಾಹೀರಾತೆಂಬ ಮಾತು ಎಲ್ಲಿದೆಯೆಂದು ಹುಡುಕಿದೆ. ವಿಡಿಯೊದಲ್ಲಿ ಎಲ್ಲೂ ಇಲ್ಲ. ಕೆಳಗಿನ ಬರಹವನ್ನು ಬಿಡಿಸಿ, ಹ್ಯಾಶ್‌ಟ್ಯಾಗ್‌ಗಳನ್ನು ಎಣಿಸುತ್ತ ಹೋದಾಗ ಹದಿನೇಳನೆಯದಾಗಿ ಸಿಕ್ಕಿತು. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಆಸ್ಕಿ, 2021ರ ಜೂನ್ 14ರಿಂದ ಜಾರಿಗೆ ತಂದ ಮಾರ್ಗಸೂಚಿ ಇದನ್ನೇ ಬೇಡವೆನ್ನುತ್ತದೆ. ಜಾಹೀರಾತೆಂಬ ಗುರುತು ಎದುರಿಗೇ ಕಾಣಬೇಕು, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತುಹಾಕಬಾರದು. ಗುರುತು ವಿಡಿಯೊದ ಮೇಲೆಯೇ ಇರಬೇಕಾದಲ್ಲಿ ಹದಿನೈದು ಸೆಕೆಂಡಿಗಿಂತ ಉದ್ದದ, ಎರಡು ನಿಮಿಷಕ್ಕಿಂತ ಚಿಕ್ಕದಾದ ವಿಡಿಯೊದ ಮೂರನೆಯ ಒಂದು ಭಾಗದಷ್ಟು ಹೊತ್ತು ಅದು ಕಾಣುತ್ತಿರಬೇಕು. ಈ ರೀಲ್‌ನ ಲೆಕ್ಕದಲ್ಲಿ ಹದಿಮೂರು ಸೆಕೆಂಡ್ ದಾಟಬೇಕಿತ್ತು. ಅದರ ಮೇಲೆ 2022ರ ಜೂನ್‌ನಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೊಗಳಿ ಮಾರಿದವರನ್ನು ಜಾಹೀರಾತಿನಿಂದಲೇ ವರ್ಷಗಟ್ಟಲೆ ದೂರವಿಡಬಹುದು. ಕಾನೂನು ಇದೆ. ನಲವತ್ತು ಸೆಕೆಂಡಿನಲ್ಲಿ ಅದು ಹದಿನೇಳರ ಹುಡುಗಿಯ ಕಣ್ಣಿಗೆ ಬೀಳಲಿಲ್ಲ.

ಮಗಳ ಬಳಿ ಕೂತು ಆ ಖರೀದಿಯನ್ನು ಮೊದಲಿನಿಂದ ಮತ್ತೊಮ್ಮೆ ಮಾಡಿಸಿ ನೋಡಿದೆ, ಈ ಬಾರಿ ನನ್ನ ಫೋನಿನಲ್ಲಿ. ಪುಟ ತೆರೆದೊಡನೆ ಮೇಲೆ ಕೆಂಪು ಅಕ್ಷರದಲ್ಲಿ ಗಡಿಯಾರ: ಕೊಡುಗೆ ಮುಗಿಯಲು 15 ನಿಮಿಷ. ಮಗಳೂ ಆ ದಿನ ಅದನ್ನು ನೋಡಿಯೇ ಗಡಿಬಿಡಿ ಮಾಡಿದ್ದಳು. ಪುಟ ಮುಚ್ಚಿ ಮತ್ತೆ ತೆರೆದೆ, ಪುನಃ 15 ನಿಮಿಷ. ಮರುದಿನ ತೆರೆದೆ, ಆಗಲೂ 15. ಕಾರ್ಟ್‌ನಲ್ಲಿ ನಾನು ಹಾಕದ ಲಿಪ್ ಬಾಮ್ ಒಂದು ಕೂತಿತ್ತು, 99 ರೂಪಾಯಿ. ತೆಗೆಯಬೇಕಾದರೆ ಕೆಳಗಿನ ಬೂದು ಬಣ್ಣದ ಸಣ್ಣ ಗುರುತನ್ನು ಒತ್ತಬೇಕು. ಹೊರಹೋಗಲು ನೋಡಿದಾಗ ಇನ್ನೊಂದು ಪೆಟ್ಟಿಗೆ ತೆರೆದುಕೊಂಡಿತು. ದೊಡ್ಡ ಗುಂಡಿಯ ಮೇಲೆ "ಹೌದು, ನನಗೆ ಹೊಳೆಯುವ ಚರ್ಮ ಬೇಕು". ಅದರ ಕೆಳಗೆ ಸಣ್ಣದಾಗಿ "ಬೇಡ, ನನಗೆ ಮಂಕು ಮುಖವೇ ಸಾಕು".

ಆ ಸಾಲನ್ನು ಓದಿದಾಗ ನನಗೆ ಸಿಟ್ಟು ಬಂದಷ್ಟು ಈ ಇಡೀ ಪ್ರಕರಣದಲ್ಲಿ ಬೇರೆಲ್ಲೂ ಬರಲಿಲ್ಲ. ಬೇಡ ಎನ್ನುವುದು ಗಿರಾಕಿಯ ಹಕ್ಕು. ಕುಮಟಾದ ಮೀನುಪೇಟೆಯಲ್ಲಿ ದರ ಕೇಳಿ ಬೇಡವೆಂದು ಮುಂದೆ ಹೋದರೆ ಮೀನು ಮಾರುವ ಹೆಂಗಸು ನಾಲ್ಕು ಮಾತು ಆಡಬಹುದು, ಆದರೆ ನಿನ್ನ ಮುಖ ಮಂಕು ಎಂದು ಹೇಳುವುದಿಲ್ಲ. ಹದಿಹರೆಯದ ಹುಡುಗಿ ಬೇಡವೆನ್ನಬೇಕಾದರೆ ತನ್ನ ಮುಖ ಮಂಕೆಂದು ಒಪ್ಪಿಕೊಳ್ಳಬೇಕೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹದಿಮೂರು ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗಿರಾಕಿಯನ್ನು ಮರುಳುಮಾಡುವ ತಂತ್ರಗಳನ್ನು, ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಗಡಿಬಿಡಿ ಹುಟ್ಟಿಸುವುದು, ಕೇಳದ ವಸ್ತುವನ್ನು ಕಾರ್ಟ್‌ಗೆ ತೂರಿಸುವುದು, ಬೇಡವೆಂದವರನ್ನು ನಾಚಿಸುವುದು, ಬೆಲೆಯನ್ನು ಹನಿಹನಿಯಾಗಿ ಏರಿಸುವುದು, ಎಲ್ಲವೂ ಅದರಲ್ಲಿವೆ. ಒಂದೇ ಖರೀದಿಯಲ್ಲಿ ನಾಲ್ಕೂ ನನಗೆ ಸಿಕ್ಕವು.

ಬೆಲೆಯ ಲೆಕ್ಕ ಹೀಗಿದೆ. ಎಂಆರ್‌ಪಿ ಒಟ್ಟು 1,697 ರೂ. ಕಿಟ್ ಬೆಲೆ 1,099. ಕೋಡ್ ಹಾಕಿದ ಮೇಲೆ 934. ಮಗಳು ನನ್ನ ಬಳಿ ಹೇಳಿದ್ದು ಇದನ್ನೇ, ಅಜ್ಜಿ ಕೊಟ್ಟ ಹಣದಲ್ಲಿ ಆಗುತ್ತದೆ ಎಂದು. ಕೊರಿಯರ್ ಹುಡುಗ ಕೇಳಿದ್ದು 1,073. ಲಿಪ್ ಬಾಮ್‌ನ 99, ಬಾಗಿಲಲ್ಲಿ ನಗದು ಕೊಡುವುದಕ್ಕೆ 40. ಉಳಿದ ಹಣವನ್ನು ನಾನೇ ಗಲ್ಲಾಪೆಟ್ಟಿಗೆಯಿಂದ ಕೊಟ್ಟೆ. ಸನ್‌ಸ್ಕ್ರೀನ್ ತರಿಸಿದ್ದೇನೆ ಎಂದಳು. ಸಂಜೆಯ ಗದ್ದಲದಲ್ಲಿ ಡಬ್ಬಿ ತೆರೆದು ನೋಡಲಿಲ್ಲ. ಅದು ನನ್ನ ತಪ್ಪು.

ಹತ್ತನೆಯ ದಿನ ರಾತ್ರಿ ಊಟಕ್ಕೆ ಕೂತಿದ್ದೆವು. ಅನ್ನಕ್ಕೆ ಬಿಸಿ ಸಾರು ಬಡಿಸಿದೆ. ಬಟ್ಟಲಿನಿಂದ ಎದ್ದ ಆವಿ ತಾಗಿದ್ದೇ ತಡ, ಅವಳು ಸಟಕ್ಕನೆ ಮುಖ ಹಿಂದಕ್ಕೆ ಎಳೆದುಕೊಂಡಳು. ದೀಪದ ಕೆಳಗೆ ಕರೆದು ನೋಡಿದೆ. ಎರಡೂ ಕೆನ್ನೆ ಕೆಂಪು; ಮೂಗಿನ ಪಕ್ಕದಲ್ಲಿ, ತುಟಿಯ ಅಂಚಿನಲ್ಲಿ ಚರ್ಮ ಹಪ್ಪಳದ ಹಾಗೆ ತೆಳ್ಳಗೆ ಎದ್ದಿತ್ತು. ಬೆವರು ಬಂದರೆ ಉರಿಯುತ್ತದೆ ಎಂದಳು. ಏಪ್ರಿಲ್‌ನ ಕುಮಟಾ, ಬೆವರು ನಿಲ್ಲುವ ಹೊತ್ತು ಯಾವುದು? "ಮೊದಲು ಸಿಪ್ಪೆ ಏಳುತ್ತದೆ, ಆಮೇಲೆ ಹೊಳಪು ಬರುತ್ತದೆ ಅಂತ ಅಕ್ಕ ಹೇಳಿದ್ದಾಳೆ, ಆಯಿ" ಎಂದಳು. ಯಾವ ಅಕ್ಕ ಎಂದು ಕೇಳಿದೆ. ಆಗ ಫೋನ್ ತೆಗೆದು ತೋರಿಸಿದಳು.

ಆ ರಾತ್ರಿ ಮೂರೂ ವಸ್ತುಗಳನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಒಂದೊಂದಾಗಿ ಓದಿದೆ. ನ್ಯಾಯವಾಗಿ ಹೇಳಬೇಕು: ಲೇಬಲ್‌ನಲ್ಲಿ ಕೊರತೆಯಿಲ್ಲ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ನಿವ್ವಳ ತೂಕ, ಅವಧಿ ಮುಗಿಯುವ ದಿನ ಎಲ್ಲವೂ ಇವೆ. ರಾತ್ರಿಯ ಸೀರಮ್‌ನಲ್ಲಿರುವುದು ರೆಟಿನಾಲ್, ವಿಟಮಿನ್ ಎ ವರ್ಗದ ವಸ್ತು. ಚರ್ಮದ ಮೇಲ್ಪದರ ಬೇಗ ಬೇಗ ಬದಲಾಗುವಂತೆ ಮಾಡುತ್ತದೆ. ಸುಕ್ಕಿಗೆ, ಕಲೆಗೆ, ಮೊಡವೆಗೆ ಇದರ ಬಳಕೆ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಹೊಸದಾಗಿ ಹಚ್ಚುವವರು ವಾರಕ್ಕೆ ಎರಡು ರಾತ್ರಿಯಿಂದ ಶುರುಮಾಡಬೇಕು, ಬಟಾಣಿ ಕಾಳಿನಷ್ಟು ಸಾಕು, ಬಿಸಿಲಿಗೆ ಚರ್ಮ ಸೂಕ್ಷ್ಮವಾಗುತ್ತದೆ, ಗರ್ಭಿಣಿಯರು ಹಚ್ಚಲೇಬಾರದು. ಇದಿಷ್ಟನ್ನೂ ಡಬ್ಬಿಯೊಳಗಿನ ಚೀಟಿ ಹೇಳುತ್ತದೆ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಇದ್ದದ್ದು ರೀಲ್ ಒಂದೇ. ಅದು ಹೇಳಿದ್ದು "ದಿನಾ ರಾತ್ರಿ". ಚೀಟಿ ಸತ್ಯ ಹೇಳುತ್ತದೆ, ರೀಲ್ ಹೇಳುವುದಿಲ್ಲ. ಮಗಳಿಗೆ ಅರ್ಥವಾಗುವ ಭಾಷೆಯಲ್ಲಿ, ಅವಳಿಗೆ ಹಿಡಿಸುವ ದನಿಯಲ್ಲಿ ಬಂದದ್ದು ರೀಲ್. ಹದಿನೇಳು ವರ್ಷದ ಚರ್ಮ ತನ್ನಷ್ಟಕ್ಕೆ ತಾನೇ ಬೇಗ ಬೇಗ ಹೊಸದಾಗುತ್ತಿರುತ್ತದೆ. ಅದನ್ನು ಇನ್ನಷ್ಟು ದೂಡುವ ವಸ್ತು ನಾಲ್ಕು ಮೊಡವೆಗೆ ಬೇಕಿರಲಿಲ್ಲ.

ವಿಟಮಿನ್ ಸಿ ಸೀರಮ್ 20 ಮಿ.ಲೀ., ಎಂಆರ್‌ಪಿ 599. ಮಿಲಿ ಒಂದಕ್ಕೆ ಮೂವತ್ತು ರೂಪಾಯಿ. ಇದು ಗಾಳಿಗೆ, ಬೆಳಕಿಗೆ, ಸೆಕೆಗೆ ಕೆಡುವ ವಸ್ತು. ಡಬ್ಬಿಯ ಮೇಲೆ ತಂಪಾದ ಒಣ ಜಾಗದಲ್ಲಿಡಿ ಎಂದಿದೆ. ನಮ್ಮ ಕರಾವಳಿಯ ಬೇಸಿಗೆಯಲ್ಲಿ ಅಂಥ ಜಾಗವೆಂದರೆ ಫ್ರಿಜ್ ಒಂದೇ. ಮಗಳು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು, ರೀಲ್‌ನಲ್ಲೂ ಅದು ಕಿಟಕಿಯ ಬಳಿಯೇ ಇತ್ತು, ಬೆಳಕು ಹಾದು ಬಾಟಲಿ ಮಿನುಗಲೆಂದು. ಬಂದಾಗ ನೀರಿನಂತಿದ್ದದ್ದು ಐದನೆಯ ವಾರಕ್ಕೆ ಹಾಲು ಹಾಕದ ಕಣ್ಣಚಹಾದ ಬಣ್ಣಕ್ಕೆ ತಿರುಗಿತು. ಅಷ್ಟು ಬಣ್ಣ ತಿರುಗಿದ್ದನ್ನು ಹಚ್ಚುವುದು ಬೇಡ.

ಸನ್‌ಸ್ಕ್ರೀನ್ ಚೆನ್ನಾಗಿದೆ. ಬಿಸಿಲು ತಡೆಯುವ ಅಳತೆಯಾದ ಎಸ್‌ಪಿಎಫ್ 50, ಟ್ಯೂಬ್ 50 ಗ್ರಾಂ, 449 ರೂ. ಬಿಳಿ ಪದರ ಕಟ್ಟುವುದಿಲ್ಲ, ಬೆವರಿಗೆ ಕಣ್ಣಿಗಿಳಿದು ಉರಿಸುವುದಿಲ್ಲ, ವಾಸನೆ ಇಲ್ಲ. ನಾನೂ ಹಚ್ಚಿ ನೋಡಿದೆ, ವನ್ನಳ್ಳಿ ಸಮುದ್ರದಂಡೆಗೆ ಎರಡು ಸಂಜೆ ಹೋಗಿಬಂದೆ. ಎಸ್‌ಪಿಎಫ್ 30 ಇದ್ದರೂ ಸಾಕಿತ್ತು, ಚರ್ಮ ಸುಡುವ ಕಿರಣಗಳಲ್ಲಿ 30 ತಡೆಯುವುದು ಸುಮಾರು ಶೇ 97, 50 ತಡೆಯುವುದು ಶೇ 98. ಆದರೆ ಅದು ಕೆಲಸ ಮಾಡಬೇಕಾದರೆ ಎರಡು ಬೆರಳುದ್ದ ಹಿಂಡಿ ಹಚ್ಚಬೇಕು. ರೀಲ್‌ನ ಹುಡುಗಿ ಹಚ್ಚಿಕೊಂಡದ್ದು ಕುಂಕುಮದಷ್ಟು. ಸರಿಯಾದ ಅಳತೆಯಲ್ಲಿ ಹಚ್ಚಿದರೆ ಈ ಟ್ಯೂಬ್ ಒಂದೂವರೆ ತಿಂಗಳೂ ಬರುವುದಿಲ್ಲ. "ಆರು ತಿಂಗಳು ಬರುತ್ತದೆ" ಎಂದ ಮಾತು ಆ ಕುಂಕುಮದ ಲೆಕ್ಕದ್ದು.

ಇದೇ ಹುಡುಗಿ, ನನ್ನ ಮಗಳಲ್ಲದ ಯಾರೋ ಒಬ್ಬಳು, ಅಂಗಡಿಗೆ ಬಂದು ಮೂರನ್ನೂ ಕೇಳಿದ್ದರೆ ಏನಾಗುತ್ತಿತ್ತು? ವಯಸ್ಸೆಷ್ಟು ಎಂದು ಕೇಳುತ್ತಿದ್ದೆ. ಮನೆಯಲ್ಲಿ ಈಗಾಗಲೇ ಏನು ಹಚ್ಚುತ್ತಿದ್ದೀಯ ಎಂದು ಕೇಳುತ್ತಿದ್ದೆ. ಸನ್‌ಸ್ಕ್ರೀನ್ ಕೊಟ್ಟು, ಮುಖ ತೊಳೆಯಲು ಒಂದು ಸಾದಾ ಫೇಸ್‌ವಾಶ್ ಕೊಟ್ಟು, "ಉಳಿದೆರಡು ನಿನಗೆ ಬೇಡ ತಂಗಿ, ಮೊಡವೆ ಜಾಸ್ತಿಯಾದರೆ ಚರ್ಮದ ಡಾಕ್ಟರ ಹತ್ತಿರ ಹೋಗು" ಎನ್ನುತ್ತಿದ್ದೆ. ಇಷ್ಟು ವರ್ಷ ಆ ಮಾತಿನಿಂದ ಕಳೆದುಕೊಂಡ ವ್ಯಾಪಾರ ಕಡಿಮೆಯದಲ್ಲ. ಸ್ಟೆರಾಯ್ಡ್ ಬೆರೆಸಿದ ಮುಲಾಮನ್ನು ಬಿಳಿ ಆಗುವ ಕ್ರೀಮೆಂದು ಕೇಳಿಕೊಂಡು ಬಂದವರನ್ನು, 2018ರಲ್ಲಿ ಸರ್ಕಾರ ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾಗುವ ಶೆಡ್ಯೂಲ್ ಎಚ್‌ಗೆ ಸೇರಿಸುವ ಎಷ್ಟೋ ಮೊದಲೇ, ಬರಿಗೈಯಲ್ಲಿ ಕಳುಹಿಸಿದ್ದೇನೆ. ಎಲ್ಲ ಅಂಗಡಿಯವರೂ ಹೀಗೆಂದು ಹೇಳಲಾರೆ. ಆದರೆ ಗಿರಾಕಿಯ ಮುಖವನ್ನು ನೇರವಾಗಿ ನೋಡಿ ಬೇಡವೆನ್ನಬಲ್ಲ ಒಬ್ಬ ಮನುಷ್ಯ ಆ ದಾರಿಯಲ್ಲಿ ಇರುತ್ತಿದ್ದ. ಫೋನಿನೊಳಗಿನ ಅಕ್ಕನಿಗೆ ನನ್ನ ಮಗಳ ಮುಖ ಕಾಣುವುದಿಲ್ಲ. ಬೇಡ ಎನ್ನುವ ಮಾತಿಗೆ ಅವಳ ನಲವತ್ತು ಸೆಕೆಂಡಿನಲ್ಲಿ ಜಾಗವಿಲ್ಲ. "ಹದಿನೆಂಟು ತುಂಬದವರಿಗೆ ರಾತ್ರಿಯದು ಬೇಡ, ವಾರಕ್ಕೆ ಎರಡೇ ಸಲ" ಎನ್ನಲು ಐದು ಸೆಕೆಂಡು ಸಾಕು. ಆ ಹುಡುಗಿಯನ್ನು ನಾನು ದೂಷಿಸುತ್ತಿಲ್ಲ. ಅವಳೂ ಯಾವುದೋ ಊರಿನ ಯಾರದೋ ಮಗಳು, ಕಂಪನಿ ಬರೆದುಕೊಟ್ಟದ್ದನ್ನು ಓದಿರಬಹುದು. ಆ ಐದು ಸೆಕೆಂಡನ್ನು ಅವಳಿಗೆ ಬರೆದುಕೊಡಬೇಕಾದದ್ದು ಕಂಪನಿ.

ಇನ್ನೊಂದು ವಿಷಯ ತಾಯಂದಿರಿಗಾಗಿ. ಹದಿನೆಂಟು ತುಂಬದವರ ಆಸಕ್ತಿಯನ್ನು ನೋಡಿ ಜಾಹೀರಾತು ತೋರಿಸುವುದನ್ನು ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ 2021ರಿಂದ ನಿಲ್ಲಿಸಿದೆ. ವಯಸ್ಸು, ಊರಿನಂಥ ಕೆಲವನ್ನು ಬಿಟ್ಟರೆ ಬೇರೇನನ್ನೂ ಜಾಹೀರಾತುದಾರರು ಬಳಸುವಂತಿಲ್ಲ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಹಾಗಿದ್ದರೆ ನನ್ನ ಮಗಳಿಗೆ ಕಿಟ್ ನೋಡಿದ ಮರುದಿನದಿಂದ ಬೆನ್ನುಬಿಡದೆ ಅದೇ ಜಾಹೀರಾತು ಏಕೆ ಬಂತು? ಅವಳ ಖಾತೆ ತೆರೆದು ನೋಡಿದೆ. ಹುಟ್ಟಿದ ವರ್ಷ 1998 ಎಂದಿತ್ತು. ಲಾಕ್‌ಡೌನ್‌ನಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಗೆಳತಿಯರೆಲ್ಲ ಹಾಗೆಯೇ ಹಾಕಿದ್ದಾರೆಂದು ಹಾಕಿದ್ದಳಂತೆ. ಅಂದಿನಿಂದ ಅವಳು ಆ ಲೆಕ್ಕದಲ್ಲಿ ದೊಡ್ಡವಳು. ನಿಮ್ಮ ಮಕ್ಕಳ ಖಾತೆಯಲ್ಲಿ ಯಾವ ವರ್ಷವಿದೆಯೆಂದು ಇಂದೇ ನೋಡಿ.

ಹಣ ಮರಳಿ ಕೇಳಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಚಾಟ್‌ನಲ್ಲಿ ಉತ್ತರಿಸಿದ ಯಂತ್ರ, ತೆರೆದ ಬಾಟಲಿ ವಾಪಸ್ ಇಲ್ಲ ಎಂದಿತು, ಮೂರು ಬಾರಿ. ಪುಟದ ತೀರಾ ಕೆಳಗೆ ದೂರು ಅಧಿಕಾರಿಯ ಇಮೇಲ್ ಇತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಮುಖದ ಫೋಟೊ, ರೀಲ್‌ನ ಲಿಂಕ್, ಚೀಟಿಯ ಫೋಟೊ ಮೂರನ್ನೂ ಜೋಡಿಸಿ ಬರೆದೆ. ನಾಲ್ಕು ದಿನ ಸದ್ದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅಲ್ಲಿಂದ ಹದಿನೇಳನೆಯ ದಿನಕ್ಕೆ ರೆಟಿನಾಲ್ ಸೀರಮ್‌ನ ಹಣ, ಲಿಪ್ ಬಾಮ್‌ನ ಹಣ ಬಂತು. ವಿಟಮಿನ್ ಸಿ ಸೀರಮ್‌ನದು ಬರಲಿಲ್ಲ. ಡಬ್ಬಿಯಲ್ಲಿ ಇನ್ನೊಂದು ಕಾರ್ಡ್ ಇತ್ತೆಂಬುದನ್ನೂ ಹೇಳಬೇಕು: ಐದು ನಕ್ಷತ್ರ ಕೊಟ್ಟು ಸ್ಕ್ರೀನ್‌ಶಾಟ್ ಕಳುಹಿಸಿದರೆ 50 ರೂಪಾಯಿ. ಆ ಪುಟದಲ್ಲಿ ನೀವು ಓದುವ ಹೊಗಳಿಕೆಗಳಲ್ಲಿ ಎಷ್ಟು ಆ ಐವತ್ತು ರೂಪಾಯಿಯವು ಎಂದು ತಿಳಿಯುವ ದಾರಿಯಿಲ್ಲ. ನನ್ನದು ನನ್ನ ಹಣದಿಂದ ಬರೆದದ್ದು.

ರೀಲ್‌ನಲ್ಲಿ ಮಾರುವುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಶಿರಸಿ ಕಡೆಯ ಪರಿಚಯದ ಹೆಣ್ಣುಮಗಳೊಬ್ಬಳು ತೊಡೆದೇವು ಮಾಡಿ ಮಾರುತ್ತಾಳೆ. ಬೋರಲು ಹಾಕಿದ ಮಡಕೆಯ ಕಾದ ಬೆನ್ನಿನ ಮೇಲೆ ಅಕ್ಕಿಹಿಟ್ಟು, ಕಬ್ಬಿನಹಾಲಿನ ತೆಳು ಹಿಟ್ಟನ್ನು ಬಟ್ಟೆಯಿಂದ ಒಮ್ಮೆ ಎಳೆದು, ಕಾಗದಕ್ಕಿಂತ ತೆಳ್ಳಗಿನ ಹಾಳೆಯನ್ನು ಬಿಡಿಸಿ ಮಡಿಸುವುದನ್ನು ಅವಳ ಮಗ ಫೋನಿನಲ್ಲಿ ಹಿಡಿದು ಹಾಕುತ್ತಾನೆ. ಬೆಂಗಳೂರಿನ ಹುಡುಗ ಹುಡುಗಿಯರು ತರಿಸಿಕೊಳ್ಳುತ್ತಾರೆ. ಜೂನ್ ಬಂದೊಡನೆ ಅವಳೇ ಕ್ಯಾಮೆರಾ ಮುಂದೆ ಕೂತು ಹೇಳುತ್ತಾಳೆ: "ಮಳೆ ಶುರುವಾಯಿತು, ಈಗ ಕಳುಹಿಸಿದರೆ ಮೆತ್ತಗಾಗುತ್ತದೆ, ಆರ್ಡರ್ ಮಾಡಬೇಡಿ, ಆಲೆಮನೆ ಶುರುವಾದ ಮೇಲೆ ಹೇಳುತ್ತೇನೆ." ಅದೇ ಆ್ಯಪ್, ಅಷ್ಟೇ ಚಿಕ್ಕ ವಿಡಿಯೊ. ಆ ವಿಡಿಯೊವನ್ನು ಮಗಳಿಗೆ ತೋರಿಸಿದೆ. ಅವಳು ಎರಡು ಬಾರಿ ನೋಡಿದಳು.

ಕಿಟ್‌ಗೆ ನನ್ನ ಅಂಕ: ಸನ್‌ಸ್ಕ್ರೀನ್‌ಗೆ ಐದಕ್ಕೆ ನಾಲ್ಕು. ರೆಟಿನಾಲ್ ಸೀರಮ್ ಮೂವತ್ತು ದಾಟಿದವರಿಗೆ, ಚೀಟಿಯ ಪ್ರಕಾರ ಹಚ್ಚುವುದಾದರೆ ಮೂರು, ಹದಿಹರೆಯದವರಿಗೆ ಕೊಳ್ಳಲೇಬೇಡಿ. ವಿಟಮಿನ್ ಸಿ ಸೀರಮ್‌ಗೆ ಕರಾವಳಿಯಲ್ಲಿ ಎರಡು, ಫ್ರಿಜ್‌ನಲ್ಲಿಡುವುದಾದರೆ ಮಾತ್ರ. ಮಾರಿದ ರೀತಿಗೆ ಸೊನ್ನೆ.

ಮಗಳ ಮುಖ ಸರಿಹೋಗಲು ಮೂರು ವಾರ ಹಿಡಿಯಿತು. ಚರ್ಮದ ಡಾಕ್ಟರು ಎಲ್ಲವನ್ನೂ ನಿಲ್ಲಿಸಿ ಸಾದಾ ಮಾಯಿಶ್ಚರೈಸರ್ ಒಂದನ್ನೇ ಹಚ್ಚಲು ಹೇಳಿದರು. ಮದುವೆಯ ಹೊತ್ತಿಗೆ ಕೆಂಪು ಇಳಿದಿತ್ತು, ನಾಲ್ಕು ಮೊಡವೆಗಳು ಹಾಗೆಯೇ ಇದ್ದವು, ಫೋಟೊದಲ್ಲಿ ನಗುತ್ತಿದ್ದಾಳೆ.

ಜೂನ್‌ನಲ್ಲಿ, ಜೋರು ಮಳೆಯ ಒಂದು ಸಂಜೆ, ಹೆಗಡೆ ಊರಿನ ಹುಡುಗಿಯೊಬ್ಬಳು ತನ್ನ ಪಾರ್ಸೆಲ್ ಎತ್ತಿಕೊಳ್ಳಲು ಬಂದಳು. ಮಗಳು ಅಂಗಡಿಯಲ್ಲೇ ಇದ್ದಳು. ಆ ಗುಲಾಬಿ ಡಬ್ಬಿಯನ್ನು ಇಬ್ಬರೂ ಗುರುತಿಸಿದೆವು. ನಾನು ಬಾಯಿ ತೆರೆಯುವ ಮೊದಲೇ ಮಗಳು "ಇಲ್ಲೇ ತೆಗೆದು ನೋಡೋಣವಾ?" ಎಂದು ಕೇಳಿದಳು. ಕೌಂಟರ್‌ನ ಮೇಲೆ ಡಬ್ಬಿ ತೆರೆದು, ಒಳಗಿನ ಚೀಟಿಯನ್ನು ದೀಪಕ್ಕೆ ಹಿಡಿದು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದಳು. ಹುಡುಗಿ ಸನ್‌ಸ್ಕ್ರೀನ್ ಇಟ್ಟುಕೊಂಡಳು. ಸೀಲ್ ಒಡೆಯದ ಎರಡು ಬಾಟಲಿಗಳನ್ನು ಮಗಳು ಹಳೆಯ ಔಷಧದ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಪತ್ರಿಕೆಯ ಚೂರು ತುಂಬಿ, ಟೇಪ್ ಸುತ್ತಿ, ವಾಪಸ್ ಕಳುಹಿಸುವ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದಳು. ಪಾರ್ಸೆಲ್ ಮರುದಿನ ಬೆಳಗಿನ ಕೊರಿಯರ್‌ಗೆ ಹೋಯಿತು.